ಮಳೆ ಬರಲಿಲ್ಲ ಎಂಬುದೂ ಸುದ್ದಿ ಬರಲಿಲ್ಲ ಎಂಬುದೂ ಒಂದಲ್ಲ
(ಚಂದ್ರಂಪಳ್ಳಿಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಲಿಖಿತ ರೂಪ)



ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಈ ಸೀಮೆಯ ಮಳೆನೀರು ಮುಲ್ಲಾಮಾರಿಯನ್ನು ಕೂಡಿ, ಕಾಗಿಣಾ ನದಿಯ ಮೂಲಕ ಭೀಮೆಗೆ ಹೋಗುತ್ತದೆ. ಆದ್ದರಿಂದ ಇಲ್ಲಿ ಬಿದ್ದ ಮಳೆಯ ಲೆಕ್ಕ ನಮ್ಮೊಬ್ಬರದಲ್ಲ. ಕೆಳಗಿನ ಸೇಡಂ, ಚಿತ್ತಾಪುರದವರಿಗೂ ಸೇರಿದ್ದು.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ನಿಲ್ಲಿಸಿರುವ ಮಳೆಮಾಪಕಗಳು ಮೊಬೈಲ್ ಜಾಲದ ಮೂಲಕ ತಾವೇ ಸುದ್ದಿ ಕಳುಹಿಸುತ್ತವೆ. ಗುಡ್ಡದ ಮರೆಯಲ್ಲಿ ಜಾಲ ಸಿಗದ ತಾವಿನಲ್ಲಿ ಏನು ಮಾಡಬೇಕು? ವಿದ್ಯಾರ್ಥಿಗಳೇ ಕಟ್ಟಬಲ್ಲ ಮಳೆಮಾಪಕವೊಂದಿದೆ. ಅದರೊಳಗಿನ ಪುಟ್ಟ ಬಟ್ಟಲು ತುಂಬಿದೊಡನೆ ಬಾಗಿ ನೀರು ಚೆಲ್ಲುತ್ತದೆ. ಮೈಕ್ರೋಕಂಟ್ರೋಲರ್ ಆ ಬಾಗುವಿಕೆಗಳನ್ನು ಎಣಿಸಿಡುತ್ತದೆ. ನಾವು ಮೊಬೈಲ್ ಹಿಡಿದು ಹತ್ತಾರು ಹೆಜ್ಜೆ ಸಮೀಪಕ್ಕೆ ಹೋದಾಗ ಬ್ಲೂಟೂತ್ ಮೂಲಕ ಆ ಎಣಿಕೆಯನ್ನು ಒಪ್ಪಿಸುತ್ತದೆ.

ಕಷ್ಟವಿರುವುದು ಈ ಒಪ್ಪಿಸುವಿಕೆಯಲ್ಲಿಯೇ. ಒಂದು ಬಾಗುವಿಕೆಗೆ 0.2 ಮಿ.ಮೀ. ಮಳೆ ಎಂದಿಟ್ಟುಕೊಳ್ಳಿ. ಯಂತ್ರ 120 ಎಂದು ಕಳುಹಿಸಿತು. ಅಂದರೆ 24 ಮಿ.ಮೀ. ಆದರೆ ಬ್ಲೂಟೂತ್‌ನಲ್ಲಿ ಸಂದೇಶವು ಇಡಿಯಾಗಿಯೇ ಬರುತ್ತದೆಂಬ ಭರವಸೆಯಿಲ್ಲ. ಮೊದಲು 12, ಮರುಕ್ಷಣ 0 ಬರಬಹುದು. ಬಂದ ತುಣುಕನ್ನೇ ಆ್ಯಪ್ ಬರೆದುಕೊಂಡರೆ 24 ಮಿ.ಮೀ. ಮಳೆ 2.4 ಆಗಿಬಿಡುತ್ತದೆ. ತೊಗರಿಯ ಚೀಲ ತುಂಬಿ ಬಾಯಿ ಹೊಲಿಯುವ ಮೊದಲೇ ಯಾರೂ ತೂಕ ಬರೆಯುವುದಿಲ್ಲವಷ್ಟೇ? ಹಾಗೆಯೇ ಪ್ರತಿ ಸಂದೇಶದ ಕೊನೆಗೆ ಮುಕ್ತಾಯದ ಗುರುತೊಂದಿರಬೇಕು. ಅದು ಬರುವವರೆಗೆ ಆ್ಯಪ್ ತುಣುಕುಗಳನ್ನು ಬಫರ್ ಎಂಬ ತಾತ್ಕಾಲಿಕ ಸಂಗ್ರಹದಲ್ಲಿ ಕೂಡಿಸುತ್ತಿರಬೇಕು.

ಕಡಿಮೆ ವಿದ್ಯುತ್ತಿನ ಬ್ಲೂಟೂತ್‌ನಲ್ಲಿ ಬೇರೆ ಒಪ್ಪಂದವಾಗದಿದ್ದರೆ ಒಂದು ಸಲಕ್ಕೆ ಸಾಗುವುದು 20 ಬೈಟ್ ಮಾತ್ರ. ‘ಮಳೆ’ ಎಂಬ ಎರಡಕ್ಷರವೇ ಯುನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ 9 ಬೈಟ್ ನುಂಗುತ್ತದೆ. ತುಣುಕಾಗುವಾಗ ಅಕ್ಷರವೇ ನಡುವೆ ಮುರಿಯಬಹುದು. ಆದ್ದರಿಂದ ಯಂತ್ರ ಅಂಕಿಗಳನ್ನಷ್ಟೇ ಕಳುಹಿಸಲಿ; ಕನ್ನಡದಲ್ಲಿ ತೋರಿಸುವ ಕೆಲಸ ಆ್ಯಪ್‌ನದಾಗಲಿ.

ಎರಡನೆಯ ಕಟ್ಟಲೆ: ಪ್ರತಿ ಸಂದೇಶಕ್ಕೂ ಕ್ರಮಸಂಖ್ಯೆ, ಅಳತೆಯ ಸಮಯ ಮತ್ತು ತಾಳೆ ನೋಡುವ ಅಂಕಿ ಇರಬೇಕು. ತಾಳೆಯಾಗದ ಸಂದೇಶವನ್ನು ಆ್ಯಪ್ ತಳ್ಳಿಹಾಕಿ ಮತ್ತೆ ಕೇಳಬೇಕು. 42ರ ನಂತರ 44 ಬಂದರೆ 43 ಕಳೆದಿದೆ ಎಂದು ತಿಳಿಯುತ್ತದೆ. 43 ಎರಡು ಸಲ ಬಂದರೆ ಒಂದೇ ಸಲ ಲೆಕ್ಕ ಹಿಡಿಯಬೇಕು. ‘ತಲುಪಿತು’ ಎಂಬ ಮರುನುಡಿ ಮೊಬೈಲಿನಿಂದ ಸಿಗುವವರೆಗೆ ಯಂತ್ರವು ತನ್ನ ನೆನಪನ್ನು ಅಳಿಸಬಾರದು.

ಮೂರನೆಯದೇ ಮುಖ್ಯ. ಸಂದೇಶ ಬಾರದ ದಿನ ಆ್ಯಪ್ ಸೊನ್ನೆ ಬರೆಯಕೂಡದು. ಆ ಜಾಗ ಖಾಲಿಯಿರಬೇಕು. ಸೊನ್ನೆ ಎಂದರೆ ಮಳೆ ಬೀಳಲಿಲ್ಲವೆಂಬ ಸಾಕ್ಷಿ. ಖಾಲಿ ಎಂದರೆ ನಮಗೆ ತಿಳಿಯದೆಂಬ ಒಪ್ಪಿಗೆ. ಬ್ಯಾಟರಿ ಸತ್ತುಹೋದ ರಾತ್ರಿಯೇ ಜಡಿಮಳೆ ಸುರಿದು, ತೊಗರಿಯ ಬುಡದಲ್ಲಿ ನೀರು ನಿಂತು ಬೆಳೆ ಕೊಳೆತರೆ, ಪರಿಹಾರ ಕೇಳುವ ರೈತನಿಗೆ ಎದುರಾಳಿಯಾಗಿ ನಿಲ್ಲುವುದು ನಾವೇ ಬರೆದ ಆ ಸೊನ್ನೆ. ಸುಳ್ಳು ಅಂಕಿಗಿಂತ ಖಾಲಿ ಜಾಗ ಎಷ್ಟೋ ಮೇಲು.

ಇನ್ನೆರಡು ಎಚ್ಚರಿಕೆ. ಎಚ್‌ಸಿ-05 ಎಂಬ ಅಗ್ಗದ ಬ್ಲೂಟೂತ್ ಬಿಡಿಭಾಗದ ಗುಪ್ತಸಂಖ್ಯೆ ಸಾಮಾನ್ಯವಾಗಿ 1234 ಆಗಿಯೇ ಬರುತ್ತದೆ. ಅದನ್ನು ಬದಲಿಸದಿದ್ದರೆ ದಾರಿಹೋಕರೂ ಒಳಹೊಕ್ಕಾರು. 2021ರಲ್ಲಿ ಬಂದ ಆಂಡ್ರಾಯ್ಡ್ 12ರಿಂದೀಚೆಗೆ, ಸಮೀಪದ ಸಾಧನಗಳನ್ನು ಹುಡುಕಿ ಸಂಪರ್ಕಿಸಲು ಮೊಬೈಲ್ ಬಳಸುವವರ ಅನುಮತಿ ಬೇಕು. ಏಕೆ ಬೇಕೆಂಬುದನ್ನು ಆ್ಯಪ್ ತಿಳಿಗನ್ನಡದಲ್ಲಿ ಹೇಳಲಿ.

ಒಂದು ಮಾತನ್ನು ಮರೆಮಾಚಬಾರದು. ನಡೆದು ಹೋಗಿ ತರುವ ಈ ಸುದ್ದಿ ಪ್ರವಾಹದ ಮುನ್ಸೂಚನೆಯಾಗಲಾರದು. ಇದು ದಾಖಲೆ ಮಾತ್ರ. ಆದರೆ ಊರಿನವರು ತಾವೇ ಅಳೆದು, ತಾವೇ ಕಾಯ್ದಿಟ್ಟುಕೊಂಡ ದಾಖಲೆ. ಯಂತ್ರದ ಪಕ್ಕದಲ್ಲಿ ಒಂದು ಸಾದಾ ಮಳೆಮಾಪಕವನ್ನೂ ಶಾಲೆಯಲ್ಲಿ ಒಂದು ನೋಟುಪುಸ್ತಕವನ್ನೂ ಇಡೋಣ. ಎರಡೂ ಲೆಕ್ಕ ಒಂದಕ್ಕೊಂದು ತಾಳೆಯಾಗುತ್ತಿರಲಿ.