ನಿಯಮವೂ ಅಪವಾದವೂ

ನೀವು ಗುಂಡ್ಲುಪೇಟೆಯಲ್ಲಿ ರಾತ್ರಿಯ ಊಟ ಮುಗಿಸಿ, ಕಾರಿನಲ್ಲಿ ಊಟಿಗೆ ಹೊರಟಿರೆನ್ನಿ. ಗಂಟೆ 9 ದಾಟಿದ್ದರೆ ಬಂಡೀಪುರದ ಗೇಟು ನಿಮಗೆ ತೆರೆಯದು. ಕಾಡುಪ್ರಾಣಿಗಳು ವಾಹನಗಳಿಗೆ ಸಿಕ್ಕಿ ಸಾಯುತ್ತಿದ್ದುದರಿಂದ 2009ರಲ್ಲಿ ಚಾಮರಾಜನಗರದ ಜಿಲ್ಲಾಡಳಿತವು ಊಟಿ ಹಾಗೂ ಸುಲ್ತಾನ್ ಬತೇರಿಯ ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವನ್ನು ನಿಷೇಧಿಸಿತು. 2010ರಲ್ಲಿ ಹೈಕೋರ್ಟು ಆ ನಿಷೇಧವನ್ನು ಎತ್ತಿಹಿಡಿಯಿತು. ಆದರೂ ಆಂಬುಲೆನ್ಸಿನಂಥ ತುರ್ತು ವಾಹನಗಳಿಗೂ ಗೊತ್ತುಮಾಡಿದ ಕೆಲವೇ ಬಸ್ಸುಗಳಿಗೂ ವಿನಾಯಿತಿ ಉಂಟು.

ನಮ್ಮ ವೈಯಾಕರಣರು ಸಾಮಾನ್ಯ ಸೂತ್ರವನ್ನು ಉತ್ಸರ್ಗವೆಂದೂ, ಅದನ್ನು ತಡೆದು ನಿಲ್ಲುವ ವಿಶೇಷ ಸೂತ್ರವನ್ನು ಅಪವಾದವೆಂದೂ ಕರೆದರು. ನಮಗೆ ಇದು ಸಹಜ. ಆದರೆ ಗೇಟಿನ ಕಾವಲನ್ನು ಗಣಕಯಂತ್ರಕ್ಕೆ ಒಪ್ಪಿಸುವುದಾದರೆ? ‘ರಾತ್ರಿ ಎಲ್ಲ ವಾಹನವನ್ನೂ ತಡೆ’, ‘ಆಂಬುಲೆನ್ಸನ್ನು ತಡೆಯಬೇಡ’ ಎಂಬೆರಡು ಮಾತುಗಳನ್ನು ಹಳೆಯ ತರ್ಕಶಾಸ್ತ್ರದ ಮುಂದಿಟ್ಟರೆ, ಆಂಬುಲೆನ್ಸು ಬಂದ ಕೂಡಲೆ ಅವು ಒಂದಕ್ಕೊಂದು ವಿರುದ್ಧವಾಗುತ್ತವೆ.

1972ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ರೂಪುಗೊಂಡ ‘ಪ್ರೊಲಾಗ್’ ಎಂಬ ತರ್ಕಭಾಷೆಯಲ್ಲಿ ಇದಕ್ಕೊಂದು ಉಪಾಯವಿದೆ. ನಿಯಮವನ್ನು ಹೀಗೆ ಬರೆಯುತ್ತಾರೆ: ‘ರಾತ್ರಿಯಾಗಿದ್ದು, ವಿನಾಯಿತಿ ಇದೆಯೆಂದು ಸಾಧಿಸಲಾಗದಿದ್ದರೆ, ತಡೆ.’ ಸಾಧಿಸಲಾಗದ್ದನ್ನು ‘ಇಲ್ಲ’ವೆಂದೇ ಎಣಿಸುವ ಈ ಕ್ರಮಕ್ಕೆ ಕೀತ್ ಕ್ಲಾರ್ಕ್ 1978ರಲ್ಲಿ ಶಾಸ್ತ್ರೀಯ ಆಧಾರವನ್ನು ಕೊಟ್ಟರು. ಮೊದಲು ‘ತಡೆ’ ಎಂದ ಯಂತ್ರವು, ‘ಇದು ಆಂಬುಲೆನ್ಸು’ ಎಂಬ ಹೊಸ ಸಂಗತಿ ತಿಳಿದೊಡನೆ ತನ್ನ ತೀರ್ಮಾನವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಮೂಲ ನಿಯಮವನ್ನು ತಿದ್ದಬೇಕಾಗಿಲ್ಲ. ಅಪವಾದದ ಪಟ್ಟಿಗೆ ಒಂದು ಸಾಲು ಸೇರಿಸಿದರೆ ಸಾಕು.

ಆದರೆ ಒಂದು ಅಪಾಯವುಂಟು. ಹೆರಿಗೆ ನೋವು ತಿನ್ನುತ್ತಿರುವ ಹೆಂಗಸೊಬ್ಬಳನ್ನು ಬಾಡಿಗೆ ಜೀಪಿನಲ್ಲಿ ಕರೆತಂದಿದ್ದಾರೆಂದು ಊಹಿಸಿಕೊಳ್ಳಿ. ಯಂತ್ರಕ್ಕೆ ಕಾಣುವುದು ಜೀಪು ಮಾತ್ರ. ವಿನಾಯಿತಿ ಸಾಧಿತವಾಗಲಿಲ್ಲ, ಆದುದರಿಂದ ‘ತಡೆ’. ‘ನನಗೆ ಗೊತ್ತಿಲ್ಲ’ ಎಂಬುದು ಇಲ್ಲಿ ‘ಇಲ್ಲ’ ಎಂದಾಗಿಬಿಟ್ಟಿತು!

ಇವೆರಡನ್ನೂ ಬೇರೆ ಬೇರೆಯಾಗಿ ಬರೆಯುವ ಮಾರ್ಗವನ್ನು ಗೆಲ್‌ಫಾಂಡ್ ಮತ್ತು ಲಿಫ್‌ಶಿಟ್ಸ್ 1990ರಲ್ಲಿ ತೋರಿಸಿದರು. ಅದನ್ನು ಅನುಸರಿಸಿದರೆ ‘ತುರ್ತಿಲ್ಲವೆಂದು ತಿಳಿದಿದ್ದರೆ ತಡೆ, ತಿಳಿಯದಿದ್ದರೆ ವಿಚಾರಿಸು’ ಎಂದು ಯಂತ್ರಕ್ಕೆ ಹೇಳಬಹುದು. ಯಾವ ‘ಇಲ್ಲ’ವನ್ನು ಬಳಸಬೇಕೆಂಬುದನ್ನು ಮಾತ್ರ ಯಂತ್ರ ಆರಿಸದು, ನಿಯಮ ಬರೆಯುವವರೇ ಆರಿಸಬೇಕು. ಕಾಡಿನ ಆನೆಯೂ ಉಳಿಯಬೇಕು, ಜೀಪಿನಲ್ಲಿರುವ ತಾಯಿಯೂ ಉಳಿಯಬೇಕು. ಒಳ್ಳೆಯ ಕಾವಲುಗಾರನು ದೀಪ ಹಿಡಿದು ಜೀಪಿನೊಳಗೆ ಇಣುಕಿ ನೋಡುತ್ತಾನೆ. ಯಂತ್ರಕ್ಕೂ ನಾವು ಕಲಿಸಬೇಕಾದುದು ಅದನ್ನೇ ಅಲ್ಲವೆ?