ಪಟ್ಟಣವನ್ನು ಬಿಟ್ಟು ಹಳ್ಳಿಗೆ

ಬೆಂಗಳೂರನ್ನು ಬಿಟ್ಟು ದೊಡ್ಡಬಳ್ಳಾಪುರದ ಕಡೆಗೋ ನೆಲಮಂಗಲದ ಕಡೆಗೋ ಹೋಗಿ ನೆಲಸಬೇಕೆಂಬ ಆಸೆ ವಿದ್ಯಾವಂತರಾದ ನಮ್ಮಲ್ಲಿ ಬಹುಮಂದಿಗೆ ಉಂಟು. ವ್ಯವಸಾಯಗಾರರಲ್ಲದವರು ಸಾಗುವಳಿ ಭೂಮಿಯನ್ನು ಕೊಳ್ಳುವುದಕ್ಕೆ ಬಹುಕಾಲದಿಂದ ಇದ್ದ ಕಾನೂನಿನ ಅಡ್ಡಿಯೂ 2020ರಲ್ಲಿ ತೊಲಗಿತು.

ದೂಳೂ ಗದ್ದಲವೂ ತಪ್ಪುವುದು ನಿಜ. ಹಿತ್ತಲಿನ ಸೊಪ್ಪು, ಮನೆಯ ಹಾಲು, ದೇವನಹಳ್ಳಿಯಾದರೆ ಚಕ್ಕೋತದ ಹಣ್ಣು, ಇವುಗಳ ಸುಖ ಅಲ್ಪವಾದುದಲ್ಲ. ಆಸ್ಪತ್ರೆ, ಶಾಲೆಗಳು ದೂರವಾಗುವುವೆಂಬುದೂ ಎಲ್ಲರಿಗೂ ತಿಳಿದದ್ದೇ. ನೀರಿನ ವಿಷಯವನ್ನು ಮಾತ್ರ ನಾವು ಸಾಕಷ್ಟು ಯೋಚಿಸುವುದಿಲ್ಲ.

ಈ ಸೀಮೆಯಲ್ಲಿ ವರ್ಷವೆಲ್ಲ ಹರಿಯುವ ಹೊಳೆಯಿಲ್ಲ. ನಂದಿಯಲ್ಲಿ ಹುಟ್ಟುವ ಅರ್ಕಾವತಿಗೆ 1894ರಲ್ಲಿ ಹೆಸರಘಟ್ಟದಲ್ಲಿ ಕಟ್ಟೆ ಕಟ್ಟಿ, ಬೆಂಗಳೂರಿಗೆ ನೀರನ್ನು ಒಯ್ದರು. (ಪಟ್ಟಣವು ಹಳ್ಳಿಯ ನೀರನ್ನು ಕುಡಿಯುವುದು ಹೊಸದೇನಲ್ಲ.) ಆ ಹೊಳೆ ಈಗ ಬಹುಮಟ್ಟಿಗೆ ಬತ್ತಿದೆ. ಕಪಿಲೆ ಹೊಡೆಯುತ್ತಿದ್ದ ತೆರೆದ ಬಾವಿಗಳೂ ಒಣಗಿ, ಕೊಳವೆಬಾವಿಯೇ ಗತಿಯಾಗಿದೆ. ಪಟ್ಟಣದಿಂದ ಹೋದವರು ಹಣದ ಬಲದಿಂದ ಮತ್ತಷ್ಟು ಆಳಕ್ಕೆ ಕೊರೆಯಿಸಿ ಹುಲ್ಲುಹಾಸನ್ನು ಬೆಳೆಸಿದರೆ, ಬೇಲಿಯಾಚೆ ಹಿಪ್ಪುನೇರಳೆಯನ್ನು ನಂಬಿದ ರೈತನು ಏನು ಮಾಡಬೇಕು? ನೆಲದೊಳಗೆ ಬೇಲಿಯಿಲ್ಲವಷ್ಟೆ.

ದೊಡ್ಡಬಳ್ಳಾಪುರದ ಬಳಿ ಸಾವಯವ ಬೇಸಾಯ ಮಾಡಿ 2019ರಲ್ಲಿ ತೀರಿಕೊಂಡ ಎಲ್. ನಾರಾಯಣ ರೆಡ್ಡಿಯವರು, ಸೊಪ್ಪುಸದೆಯನ್ನು ಹೊದಿಸಿ ನೆಲದ ತೇವವನ್ನು ಕಾಯುವ ಕ್ರಮವನ್ನು ತೋಟಕ್ಕೆ ಬಂದವರಿಗೆ ತಿಳಿಸುತ್ತಿದ್ದರು. ಹೋಗಲೇಬೇಕೆನ್ನುವವರು ಅಂಥ ಬೇಸಾಯವನ್ನು ಮೊದಲು ಕಲಿಯತಕ್ಕದ್ದು. ಕಡು ಬೇಸಗೆಯಲ್ಲೊಮ್ಮೆ ಆ ಊರಿಗೆ ಹೋಗಿ, ನೆರೆಯ ರೈತರ ಬಾವಿ ಎಷ್ಟು ಆಳ, ದಿನಕ್ಕೆ ಎಷ್ಟು ಹೊತ್ತು ನೀರು ಬರುತ್ತದೆ ಎಂದು ಕೇಳಬೇಕು. ಕ್ರಯಪತ್ರದ ಮಾತು ಆಮೇಲೆ.