ಮೊಡವೆ: ಹೆದರಿಕೆ ಬೇಡ, ಆತುರವೂ ಬೇಡ

(ಉದ್ಯಮಬಾಗದ ಕಲಿಕಾ ಕೇಂದ್ರದಲ್ಲಿ ಮಾಡಿದ ಭಾಷಣ)

ಇವತ್ತು ನಾವು ಮೊಡವೆ ಬಗ್ಗೆ ಮಾತಾಡೋಣ. "ಮೊಡವಿ ಅಂದ್ರ ಅದೇನ್ ದೊಡ್ಡ ರೋಗೇನ್ರಿ?" ಅಂತ ನೀವು ಕೇಳಬಹುದು. ಖರೆ, ಅದು ಜೀವ ತೆಗೆಯುವ ರೋಗ ಅಲ್ಲ. ಆದರೆ ಮೊಡವೆಗಿಂತ ನಾವು ಹಚ್ಚುವ ತಪ್ಪು ಔಷಧವೇ ಹೆಚ್ಚು ಕೆಡುಕು ಮಾಡುತ್ತದೆ. ಅದಕ್ಕೇ ಈ ಮಾತು.

ಮೊಡವೆ ಯಾಕೆ ಬರುತ್ತದೆ?

ನಮ್ಮ ಚರ್ಮದಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ. ಅವುಗಳಲ್ಲಿ ಕೂದಲಿನ ಬೇರು ಇರುತ್ತದೆ. ಪಕ್ಕದಲ್ಲಿ ಎಣ್ಣೆ ತಯಾರಿಸುವ ಗ್ರಂಥಿ ಇರುತ್ತದೆ. ಈ ಎಣ್ಣೆ ಚರ್ಮವನ್ನು ಮೆತ್ತಗೆ ಇಡುತ್ತದೆ. ಹರೆಯದಲ್ಲಿ ಹಾರ್ಮೋನು ಹೆಚ್ಚಾಗುತ್ತವೆ. ಆಗ ಎಣ್ಣೆಯೂ ಹೆಚ್ಚು ಬರುತ್ತದೆ. ಸತ್ತ ಚರ್ಮದ ಪುಡಿ ಅದರಲ್ಲಿ ಸೇರುತ್ತದೆ. ಬಚ್ಚಲ ಮೋರಿ ಕಟ್ಟಿದಂಗ ರಂಧ್ರದ ಬಾಯಿ ಕಟ್ಟುತ್ತದೆ. ಒಳಗೆ ಸೂಕ್ಷ್ಮ ಜೀವಿಗಳು ಬೆಳೆಯುತ್ತವೆ. ಆ ಜಾಗ ಕೆಂಪಾಗಿ ಬಾಯುತ್ತದೆ, ಕೀವು ತುಂಬುತ್ತದೆ. ಇದೇ ಮೊಡವೆ.

ಅಂದ ಮೇಲೆ ಇದು ಹೊಲಸಿನಿಂದ ಬಂದದ್ದಲ್ಲ. ನಡತೆ ಕೆಟ್ಟು ಬಂದದ್ದಂತೂ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. "ಲಗ್ನ ಆದ್ರ ತಾನ ಹೋಗ್ತಾವ" ಎಂಬ ಮಾತೂ ಸುಳ್ಳು.

ಕಾರ್ಖಾನೆಯ ಎಣ್ಣೆ

ನಮ್ಮ ಉದ್ಯಮಬಾಗದಲ್ಲಿ ಇನ್ನೊಂದು ಕಾರಣವೂ ಇದೆ. ಇಲ್ಲಿ ಫೌಂಡ್ರಿಗಳಿವೆ, ಮಷಿನ್ ಶಾಪ್‌ಗಳಿವೆ. ಲೇಥ್ ಮೇಲೆ ಕೆಲಸ ಮಾಡುವಾಗ ಎಣ್ಣೆ ಸಿಡಿದು ಅಂಗಿ, ಪ್ಯಾಂಟು ತೊಯ್ಯುತ್ತವೆ. ಆ ಎಣ್ಣೆ ಚರ್ಮದ ರಂಧ್ರ ಮುಚ್ಚುತ್ತದೆ. ಮುಂಗೈ ಮೇಲೆ, ತೊಡೆ ಮೇಲೆ ಕಪ್ಪು ಚುಕ್ಕಿ, ಗುಳ್ಳೆ ಏಳುತ್ತವೆ. ಇದು ಎಣ್ಣೆಯಿಂದ ಬಂದ ಮೊಡವೆ. ಬರೇ ಕ್ರೀಮ್ ಹಚ್ಚಿದರೆ ಹೋಗದು. ಮೈಗೆ ಎಣ್ಣೆ ತಾಗುವುದು ತಪ್ಪಬೇಕು.

ಏಪ್ರನ್ ಕಟ್ಟಿಕೊಳ್ಳಿರಿ. ಎಣ್ಣೆ ಒರೆಸಿದ ಅರಿವಿ ಕಿಸೆಯಲ್ಲಿ ಇಡಬೇಡಿರಿ. ಕೆಲಸ ಮುಗಿದ ಕೂಡಲೇ ಸಾಬೂನು, ನೀರಿನಿಂದ ತೊಳೆದುಕೊಳ್ಳಿರಿ. ಸೀಮೆಎಣ್ಣೆ, ಥಿನ್ನರ್ ಹಚ್ಚಿ ತಿಕ್ಕಿದರೆ ಚರ್ಮ ಸುಡುತ್ತದೆ. ಎಣ್ಣೆ ಬಟ್ಟೆ ಒಗೆಯದೆ ಮತ್ತೆ ಹಾಕಬೇಡಿರಿ. ಕಾರ್ಖಾನೆಯಲ್ಲಿ ತೊಳೆದುಕೊಳ್ಳಲು ವ್ಯವಸ್ಥೆ ಇರಬೇಕು ಎಂದು 1948ರ ಕಾರ್ಖಾನೆ ಕಾಯಿದೆಯೇ ಹೇಳಿತ್ತು. ಆದ್ದರಿಂದ ನೀರು, ಸಾಬೂನು ಕೇಳಲು ಸಂಕೋಚ ಬೇಡ.

ಆತುರದ ಕ್ರೀಮ್

"ಮುಂದಿನ ವಾರ ಕನ್ಯಾ ನೋಡಾಕ ಬರ್ತಾರ. ಲಗೂನ ಹೋಗೂವಂಥಾ ಕ್ರೀಮ್ ಕೊಡ್ರಿ." ಔಷಧ ಅಂಗಡಿಯಲ್ಲಿ ಹೀಗೆ ಕೇಳುವವರು ಬಹಳ. ಆಗ ಎಷ್ಟೋ ಸಲ ಕೈಗೆ ಬರುವುದು ಸ್ಟೆರಾಯ್ಡ್ ಕ್ರೀಮ್. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್ ಇವೆಲ್ಲ ಸ್ಟೆರಾಯ್ಡ್‌ಗಳು. ಬೇರೆ ಚರ್ಮರೋಗಕ್ಕೆ ವೈದ್ಯರು ಇವನ್ನು ಕೊಡುತ್ತಾರೆ. ಮೊಡವೆಗೆ ಇವು ಔಷಧವಲ್ಲ.

ಮೊದಲು ನಾಕು ದಿನ ಮುಖ ಬೆಳ್ಳಗೆ, ನುಣ್ಣಗೆ ಕಾಣುತ್ತದೆ. ಬರಬರುತ್ತ ಚರ್ಮ ತೆಳ್ಳಗಾಗುತ್ತದೆ. ಬಿಸಿಲಿಗೆ ಹೋದರೆ ಉರಿಯುತ್ತದೆ. ಹೆಣ್ಣುಮಕ್ಕಳ ಮುಖದ ಮೇಲೆ ಕೂದಲು ಬೆಳೆಯಬಹುದು. ಮೊಡವೆಯೂ ಹೆಚ್ಚಾಗುತ್ತದೆ. ಹಚ್ಚುವುದು ಬಿಟ್ಟರೆ ಮುಖ ಕೆಂಪಾಗಿ ಉರಿಯುತ್ತದೆ ಎಂದು ಮತ್ತೆ ಹಚ್ಚುತ್ತಾರೆ. ಇದು ಬಿಡದ ಚಟ ಆಗುತ್ತದೆ. ಈ ಕಾರಣಕ್ಕೇ 2018ರಲ್ಲಿ ಕೇಂದ್ರ ಸರಕಾರ ಇಂಥ ಕ್ರೀಮ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ಬಿಗಿ ಮಾಡಿತು.

ಟ್ಯೂಬಿನ ಡಬ್ಬಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದೆಯೇ ನೋಡಿರಿ. ಇದ್ದರೆ ಅದು ವೈದ್ಯರ ಚೀಟಿ ಬೇಕಾದ ಔಷಧ. ತಿಂಗಳುಗಟ್ಟಲೆ ಈಗಾಗಲೇ ಹಚ್ಚುತ್ತಿದ್ದರೆ ಟ್ಯೂಬು ತಗೊಂಡು ವೈದ್ಯರ ಹತ್ತಿರ ಹೋಗಿರಿ. ಅದನ್ನು ಹೇಗೆ ಬಿಡಬೇಕೆಂದು ಅವರು ಹೇಳುತ್ತಾರೆ.

ಸರಿಯಾದ ಉಪಚಾರ

ದಿನಕ್ಕೆ 2 ಸಲ ಸಾದಾ ಸಾಬೂನಿನಿಂದ ಮೆಲ್ಲಗೆ ಮುಖ ತೊಳೆಯಿರಿ. ತಿಕ್ಕಬೇಡಿರಿ. ಮೊಡವೆ ಹಿಂಡಬೇಡಿರಿ, ಹಿಂಡಿದರೆ ಕಲೆ, ಕುಳಿ ಬೀಳುತ್ತವೆ. ನಿಂಬೆಹಣ್ಣು, ಸುಣ್ಣ, ಟೂತ್‌ಪೇಸ್ಟ್ ಹಚ್ಚಬೇಡಿರಿ.

ವೈದ್ಯರು ಬೆಂಜಾಯಿಲ್ ಪೆರಾಕ್ಸೈಡ್ ಅಥವಾ ಅಡಾಪಲೀನ್ ಎಂಬ ಔಷಧ ಬರೆದು ಕೊಡಬಹುದು. ಮೊದಲಿಗೆ ಸ್ವಲ್ಪ ಉರಿ, ಒಣಗುವಿಕೆ ಇರುತ್ತದೆ. ಗುಣ ಕಾಣಲು 6ರಿಂದ 8 ವಾರ ಬೇಕು. 4 ದಿನಕ್ಕೆ ಹೋಗಲಿಲ್ಲವೆಂದು ಬಿಡಬೇಡಿರಿ. ಬಸುರಿಯರು, ಬಸುರಿಯಾಗುವ ಯೋಚನೆ ಇದ್ದವರು ಮೊದಲೇ ವೈದ್ಯರಿಗೆ ಹೇಳಬೇಕು. ಐಸೊಟ್ರೆಟಿನಾಯಿನ್ ಎಂಬ ಗುಳಿಗೆಯಿಂದ ಹೊಟ್ಟೆಯೊಳಗಿನ ಕೂಸಿಗೆ ಅಂಗವಿಕಲತೆ ಬರಬಹುದು.

ದೊಡ್ಡ ಗಂಟುಗಳಾದರೆ, ಕುಳಿ ಬೀಳುತ್ತಿದ್ದರೆ ತಡ ಮಾಡಬೇಡಿರಿ. ಮುಟ್ಟು ಏರುಪೇರಾಗಿ ಮುಖದ ಮೇಲೆ ಕೂದಲು ಬಂದರೂ ತೋರಿಸಿರಿ. ಬೆಳಗಾವಿಯ ಬಿಮ್ಸ್ ಜಿಲ್ಲಾ ಆಸ್ಪತ್ರೆಯಲ್ಲಿ ಚರ್ಮರೋಗದ ವೈದ್ಯರಿದ್ದಾರೆ. ಇ.ಎಸ್.ಐ. ಸೌಲಭ್ಯ ಇದ್ದ ಕಾರ್ಮಿಕರು, ಅವರ ಮನೆಯವರು ಇ.ಎಸ್.ಐ. ಆಸ್ಪತ್ರೆಗೂ ಹೋಗಬಹುದು.

ಕಡೆಗೆ ಒಂದು ಮಾತು. ಮೊಡವೆ ಆದ ಹುಡುಗಿಗೆ, ಹುಡುಗನಿಗೆ ಮನೆಯಲ್ಲಿ ಚಾಷ್ಟಿ ಮಾಡಬೇಡಿರಿ. ಆ ನಾಚಿಕೆಗೇ ಮಕ್ಕಳು ಶಾಲೆ ತಪ್ಪಿಸುತ್ತಾರೆ, ಕದ್ದು ಕ್ರೀಮ್ ಹಚ್ಚುತ್ತಾರೆ. ಮೊಡವೆ ವಾಸಿಯಾಗುತ್ತದೆ ಎಂದು ಧೈರ್ಯ ಹೇಳಿರಿ. ಈ ಪಾಠವನ್ನು ಮನೆಯಲ್ಲಿ ನೀವೇ ಓದಿ ಹೇಳಿರಿ.